ಬ್ಯಾಕಪ್ ಫೈಲ್‌ಗಳು ಬ್ರೌಸರ್‌ಗೆ ಸಿಗದಂತೆ ಮಾಡಲು

ಅಪಾಚೆ 2.4 ವೆಬ್ ಸರ್ವರ್ ಬಳಸುವವರು ಫೋಲ್ಡರ್‌ನ ಸರ್ವರ್ ನಿಯಮಗಳಿರುವ ಡಾಟ್ ಎಚ್‌ಟಿಆಕ್ಸೆಸ್ ಫೈಲ್‌ನಲ್ಲಿ ಒಂದು ಫೈಲ್ಸ್‌ಮ್ಯಾಚ್ ವಿಭಾಗ (ಹೆಸರು ಒಂದು ಪ್ಯಾಟರ್ನ್‌ಗೆ ಹೊಂದುವ ಫೈಲ್‌ಗಳಿಗಷ್ಟೇ ಅನ್ವಯಿಸುವ ಭಾಗ) ತೆರೆದು, ಎಸ್‌ಕ್ಯೂಎಲ್, ಬಿಎಕೆ, ಓಲ್ಡ್, ಲಾಗ್ ಎಕ್ಸ್‌ಟೆನ್ಶನ್‌ಗಳನ್ನು ಅದರ ಪ್ಯಾಟರ್ನ್‌ಗೆ ಸೇರಿಸಿ, ಒಳಗೆ ‘ರಿಕ್ವೈರ್ ಆಲ್ ಡಿನೈಡ್’ (ಯಾರಿಗೂ ಪ್ರವೇಶವಿಲ್ಲ) ಎಂದು ಬರೆಯಿರಿ. ಪಿಎಚ್‌ಪಿ ಫೈಲ್‌ನ ಹೆಸರಿನ ಕೊನೆಗೆ ಬಿಎಕೆ ಅಂಟಿಸಿಟ್ಟರೆ ಸರ್ವರ್ ಸಾಮಾನ್ಯವಾಗಿ ಅದನ್ನು ಓಡಿಸುವುದಿಲ್ಲ. ಬದಲಿಗೆ ಅದರಲ್ಲಿರುವ ಡೇಟಾಬೇಸ್ ಪಾಸ್‌ವರ್ಡ್ ಸಮೇತ ಬರಿಯ ಪಠ್ಯವಾಗಿ ಕೇಳಿದವರ ಕೈಗಿಡುತ್ತದೆ. ಈ ನಿಯಮವಿದ್ದರೆ ಸಿಗುವುದು 403, ಅಂದರೆ ಪ್ರವೇಶ ನಿರಾಕರಣೆಯ ಉತ್ತರ ಮಾತ್ರ. ನಿಮ್ಮದೇ ಕೋಡ್ ಡಿಸ್ಕ್‌ನಿಂದ ಅವೇ ಫೈಲ್‌ಗಳನ್ನು ಓದುವುದಕ್ಕೆ ಅಡ್ಡಿಯಿಲ್ಲ. ಪ್ಯಾಟರ್ನ್ ಕೊನೆಯಲ್ಲಿ ಡಾಲರ್ ಚಿಹ್ನೆ (ಹೆಸರು ಅಲ್ಲಿಗೇ ಮುಗಿಯಬೇಕು ಎಂಬ ಗುರುತು) ಇದ್ದರೆ ಎಸ್‌ಕ್ಯೂಎಲ್ ಡಾಟ್ ಜಿಝಡ್ ಎಂದು ಮುಗಿಯುವ ಸಂಕುಚಿತ ಫೈಲ್ ಸದ್ದಿಲ್ಲದೆ ನುಸುಳುತ್ತದೆ, ಜಿಝಡ್ ಕೂಡ ಸೇರಿಸಿ. ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್ ಎಚ್‌ಟಿಆಕ್ಸೆಸ್ ಓದುವುದೇ ಇಲ್ಲ. ಅಪಾಚೆಯಲ್ಲೂ ಮುಖ್ಯ ಸೆಟ್ಟಿಂಗ್‌ನಲ್ಲಿ ‘ಅಲೋಓವರ್‌ರೈಡ್ ನನ್’ (ಎಚ್‌ಟಿಆಕ್ಸೆಸ್ ಕಡೆಗಣಿಸು) ಎಂದಿದ್ದರೆ ಬರೆದದ್ದೆಲ್ಲ ವ್ಯರ್ಥ. ಆದ್ದರಿಂದ ಒಂದು ಪೊಳ್ಳು ಬಿಎಕೆ ಫೈಲ್ ಇಟ್ಟು ಬ್ರೌಸರ್‌ನಲ್ಲಿ ತೆರೆದು ನೋಡಿ.