ಪಿಕಪ್‌ಗೆ ಬೇರೆ ಡಿಸ್ಕ್, ದೊಡ್ಡ ಟೈರ್: ಮೊದಲು ತೂಕದ ಕಾಟಾ, ಆಮೇಲೆ ಅಂಗಡಿ

ಟೈರ್ ಅಂಗಡಿಗೆ ಹೋಗುವ ಮುಂಚೆ ಗಾಡಿಯನ್ನು ತೂಕದ ಕಾಟಾಕ್ಕೆ ಒಯ್ಯಿರಿ. ದಿನಾ ಹೇರುವಷ್ಟೇ ಮಾಲು ಹೇರಿ, ಹಿಂದಿನ ಗಾಲಿಗಳು ಮಾತ್ರ ಕಾಟಾದ ಮೇಲೆ ಬರುವಂತೆ ನಿಲ್ಲಿಸಿ ತೂಗಿಸಿ. ಬಂದ ಅಂಕಿಯನ್ನು ಎರಡರಿಂದ ಭಾಗಿಸಿದರೆ ಹಿಂದಿನ ಒಂದೊಂದು ಟೈರ್ ಹೊರುವ ಭಾರ ಗೊತ್ತಾಗುತ್ತದೆ. ಅಗಲ, ಎತ್ತರ, ಅಲಾಯ್ ಡಿಸೈನ್ ಎಲ್ಲ ಈ ಅಂಕಿಯ ನಂತರದ ಮಾತು. ಬ್ಯಾಡಗಿ ಮೆಣಸಿನಕಾಯಿ ಹೇರುವವರ ಗಾಡಿಯಲ್ಲಿ ತೂಕಕ್ಕಿಂತ ಮೊದಲು ಜಾಗ ತುಂಬುತ್ತದೆ. ಉಳ್ಳಾಗಡ್ಡಿ, ಗೋವಿನಜೋಳ ಹೇರುವವರಿಗೆ ಜಾಗ ಇನ್ನೂ ಉಳಿದಿರುವಾಗಲೇ ಲೀಫ್ ಸ್ಪ್ರಿಂಗ್ ಕುಳಿತಿರುತ್ತದೆ. ಒಂದೇ ಕಂಪನಿಯ ಒಂದೇ ಮಾಡೆಲ್ ಆದರೂ ಇವರಿಬ್ಬರಿಗೆ ಬೇಕಾದ ಟೈರ್ ಬೇರೆ.

ಟೈರಿನ ಪಕ್ಕದಲ್ಲಿ ಅಳತೆ ಬರೆದ ಮೇಲೆ ಒಂದು ಸಂಖ್ಯೆ, ಒಂದು ಅಕ್ಷರ ಬರುತ್ತವೆ. ಸಂಖ್ಯೆ ಲೋಡ್ ಇಂಡೆಕ್ಸ್, ಅಂದರೆ ಒಂದು ಟೈರ್ ಹೊರಬಲ್ಲ ಭಾರದ ಸಂಕೇತ; ಅಕ್ಷರ ವೇಗದ ಮಿತಿಯದು. 100 ಎಂದರೆ 800 ಕೆಜಿ, 104 ಎಂದರೆ 900, 108 ಎಂದರೆ 1000, 112 ಎಂದರೆ 1120, 116 ಎಂದರೆ 1250. ಕಾಟಾದಲ್ಲಿ ಹಿಂದಿನ ಆಕ್ಸಲ್ 1800 ಕೆಜಿ ತೋರಿಸಿದರೆ ಒಂದೊಂದು ಟೈರಿಗೆ 900 ಬಿತ್ತು. ಕಾಗದದ ಮೇಲೆ 104 ಸಾಕು. ಆದರೆ ಹೊರೆ ಎಂದೂ ಎರಡೂ ಬದಿಗೆ ಸಮನಾಗಿ ಕೂರುವುದಿಲ್ಲ, ತಿರುವಿನಲ್ಲಿ ಒಂದೇ ಕಡೆ ವಾಲುತ್ತದೆ, ತಗ್ಗಿಗೆ ಇಳಿದಾಗ ಕ್ಷಣಕಾಲ ಇನ್ನೂ ಹೆಚ್ಚುತ್ತದೆ. ಹಾಗಾಗಿ 108ಕ್ಕಿಂತ ಕಡಿಮೆ ಬೇಡ. 104/101 ಎಂದು ಎರಡು ಸಂಖ್ಯೆ ಇದ್ದರೆ ಮೊದಲಿನದು ಒಂಟಿ ಗಾಲಿಗೆ, ಎರಡನೆಯದು ಜೋಡಿ ಗಾಲಿಗೆ. ಅಳತೆ ಒಂದೇ ಇದ್ದ ಮಾತ್ರಕ್ಕೆ ಭಾರ ಹೊರುವ ಶಕ್ತಿ ಒಂದೇ ಇರುವುದಿಲ್ಲ: 235/75 ಆರ್15ರಲ್ಲಿ 105 ಇಂಡೆಕ್ಸಿನ ಟೈರೂ ಇದೆ, 109ರದ್ದೂ ಇದೆ. ಒಂದು 925 ಕೆಜಿ ಹೊರುತ್ತದೆ, ಇನ್ನೊಂದು 1030. ಅಂಗಡಿಯಲ್ಲಿ ಅಳತೆಯನ್ನಷ್ಟೇ ಹೇಳಿ ಟೈರ್ ಕೇಳುವವರು ಮೋಸಹೋಗುವುದು ಇಲ್ಲೇ. ಏನೇ ಆದರೂ ಕಂಪನಿ ಹಾಕಿ ಕೊಟ್ಟ ಟೈರಿನ ಇಂಡೆಕ್ಸಿಗಿಂತ ಕೆಳಗೆ ಇಳಿಯಬೇಡಿ. ದಿನಾ ಹೊರೆ ಹೊರುವ ಗಾಡಿಗೆ ಎಲ್‌ಟಿ (ಲೈಟ್ ಟ್ರಕ್) ಗುರುತಿನ ಟೈರೇ ಸರಿ. ಅದೇ ಭಾರಕ್ಕೆ ಎಲ್‌ಟಿ ಟೈರಿಗೆ ಕಾರಿನ ಟೈರಿಗಿಂತ ಹೆಚ್ಚು ಹವಾ ಬೇಕು ಎಂಬುದನ್ನು ಮರೆಯಬೇಡಿ.

ಎಷ್ಟು ದೊಡ್ಡದು?

215/75 ಆರ್15 ಅಂದರೆ ಅಗಲ 215 ಮಿಮೀ, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 75, ಡಿಸ್ಕ್ (ಟೈರ್ ಕೂರುವ ಲೋಹದ ಚಕ್ರ) 15 ಇಂಚು. ಪೂರ್ತಿ ಎತ್ತರ ಬೇಕಾದರೆ 15ನ್ನು 25.4ರಿಂದ ಗುಣಿಸಿ (381), ಅದಕ್ಕೆ 215ರ ಶೇ 75ರ ಎರಡರಷ್ಟು (322.5) ಕೂಡಿಸಿ: 703.5 ಮಿಮೀ. ಅದೇ ಗಾಡಿಗೆ 235/75 ಆರ್15 ಹಾಕಿದರೆ 733.5 ಮಿಮೀ, ಅಂದರೆ ಶೇ 4.3ರಷ್ಟು ಹೆಚ್ಚು. ನೆಲದಿಂದ ಗಾಡಿ ಏಳುವುದು ಇದರ ಅರ್ಧ, 15 ಮಿಮೀ ಮಾತ್ರ. ಹೈಲಕ್ಸ್‌ನ 265/65 ಆರ್17 (776 ಮಿಮೀ) ತೆಗೆದು 265/70 ಆರ್17 (803 ಮಿಮೀ) ಹಾಕಿದರೆ ಶೇ 3.4 ಹೆಚ್ಚು, 285/70 ಆರ್17 (831 ಮಿಮೀ) ಹಾಕಿದರೆ ಶೇ 7.

ನಮ್ಮ ಮಾತು ನೇರ: ಶೇ 3ರ ಆಸುಪಾಸಿನಲ್ಲೇ ಇರಿ, 4 ದಾಟಬೇಡಿ. ಟೈರ್ ಎತ್ತರ ಆದಷ್ಟೂ ಎಂಜಿನ್ನಿನ ಎಳೆತ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಬ್ರೇಕಿನ ಹಿಡಿತವೂ ಇಳಿಯುತ್ತದೆ. ಹುಬ್ಬಳ್ಳಿಯಿಂದ ಗದಗಿನವರೆಗಿನ ಸಪಾಟು ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ. ಯಲ್ಲಾಪುರ ದಾಟಿ ಅರಬೈಲ್ ಘಟ್ಟದಲ್ಲಿ ಹೊರೆ ಹೊತ್ತು ಅಂಕೋಲಾ ಕಡೆ ಇಳಿಯುವಾಗ ಬ್ರೇಕ್ ಬೇಗ ಕಾಯುತ್ತದೆ, ವಾಪಸು ಹತ್ತುವಾಗ ಒಂದು ಗೇರ್ ಕೆಳಗೆ ಓಡಿಸಬೇಕಾಗುತ್ತದೆ. ಮೀಟರೂ ತಪ್ಪು ತೋರಿಸುತ್ತದೆ: ಶೇ 4 ದೊಡ್ಡ ಟೈರಿನಲ್ಲಿ ಮುಳ್ಳು 80ರಲ್ಲಿದ್ದರೆ ಮೊದಲಿಗಿಂತ ಸುಮಾರು 3 ಕಿಮೀ ಹೆಚ್ಚು ವೇಗದಲ್ಲಿ ಹೋಗುತ್ತಿರುತ್ತೀರಿ. ಕಿಲೋಮೀಟರ್ ಕಡಿಮೆ ಬೀಳುವುದರಿಂದ ಡೀಸೆಲ್ ಆವರೇಜ್ ಲೆಕ್ಕ ಹಾಕುವಾಗ ಓಡಿದ ದೂರವನ್ನು 1.04ರಿಂದ ಗುಣಿಸಿಕೊಳ್ಳಿ.

ಡಿಸ್ಕಿನ ಅಗಲವೂ ಟೈರಿಗೆ ಹೊಂದಬೇಕು. 235/75 ಆರ್15ಕ್ಕೆ 6ರಿಂದ 8 ಇಂಚು ಅಗಲದ ಡಿಸ್ಕ್ ಬೇಕು. ನಿಮ್ಮ ಹಳೆಯ ಕಬ್ಬಿಣದ ಡಿಸ್ಕ್ 5.5 ಇಂಚಿನದಾಗಿದ್ದರೆ ಟೈರ್ ಏರುತ್ತದೆ, ಹವಾನೂ ನಿಲ್ಲುತ್ತದೆ, ಆದರೆ ನಡು ಉಬ್ಬಿ ಮಧ್ಯದ ಹಲ್ಲು ಬೇಗ ಸವೆಯುತ್ತದೆ, ತಿರುವಿನಲ್ಲಿ ಗಾಡಿ ತೇಲಿದಂತಾಗುತ್ತದೆ.

ಎರಿ ನೆಲದಲ್ಲಿ ಅಗಲ ಕೆಲಸ ಕೆಡಿಸುತ್ತದೆ

ಅಗಲ ಟೈರ್ ಇದ್ದರೆ ರಾಡಿಯಲ್ಲಿ ಗಾಡಿ ಸಿಕ್ಕಿಬೀಳುವುದಿಲ್ಲ ಎಂದು ಹೇಳುವವರಿದ್ದಾರೆ. ಮರಳಿಗೆ ಅದು ನಿಜ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಎರಿ (ಕಪ್ಪು) ಮಣ್ಣಿಗೆ ಆ ಮಾತು ಸಲ್ಲದು. ಎರಿ ನೆನೆದರೆ ಉಬ್ಬಿ ಅಂಟುತ್ತದೆ. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಟೈರಿನ ಹಲ್ಲಿನ ಸಂದಿಯೆಲ್ಲ ಮೆತ್ತಿಕೊಂಡು ಟೈರ್ ಬೋಳಾದಂತೆ ಜಾರುತ್ತದೆ. ಅಗಲ ಹೆಚ್ಚಿದಷ್ಟೂ ಎತ್ತಿಕೊಳ್ಳುವ ಮಣ್ಣೂ ಹೆಚ್ಚು. ಆ ಮಣ್ಣು ಮಡ್‌ಗಾರ್ಡಿನ ಒಳಗೆ ಪದರ ಪದರವಾಗಿ ತುಂಬಿ, ಒಣ ದಿನದಲ್ಲಿ ಒಂದು ಬೆರಳು ಸಂದು ಬಿಟ್ಟು ತಿರುಗುತ್ತಿದ್ದ ಟೈರನ್ನು ಬ್ರೇಕ್ ಹಾಕಿದಂತೆ ಹಿಡಿದುಬಿಡುತ್ತದೆ. ಮುಂದಿನ ಗಾಲಿಯಲ್ಲಿ ಹೀಗಾದರೆ ಸ್ಟೇರಿಂಗ್ ತಿರುಗುವುದಿಲ್ಲ.

ಅದಕ್ಕೇ ಈ ಕಡೆಯವರು ಅಗಲಕ್ಕಿಂತ ಎತ್ತರ ಹೆಚ್ಚಿಸುವುದು ಲೇಸು. ಮೇಲೆ ನಾಲ್ಕಾರು ಇಂಚು ರಾಡಿ, ಕೆಳಗೆ ಗರಸು ಇರುವ ಹೊಲದ ದಾರಿಯಲ್ಲಿ ಕಿರಿದಾದ ಎತ್ತರದ ಟೈರ್ ರಾಡಿಯನ್ನು ಸೀಳಿ ಗಟ್ಟಿ ನೆಲ ಮುಟ್ಟುತ್ತದೆ. ಗರಸೇ ಇಲ್ಲದ ಆಳವಾದ ಎರಿ ಹೊಲದೊಳಕ್ಕೆ ಮಳೆಯಾದ ಮಾರನೇ ದಿನ ಯಾವ ಟೈರೂ ಪಿಕಪ್ಪನ್ನು ಒಯ್ದು ತರಲಾರದು. ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಚೀಲಗಳನ್ನು ಟ್ರ್ಯಾಕ್ಟರಿನಲ್ಲೋ ಚಕ್ಕಡಿಯಲ್ಲೋ ಅಲ್ಲಿಗೆ ತರಿಸಿ.

ಹಲ್ಲಿನ ವಿಷಯಕ್ಕೆ ಬಂದರೆ, ಎಂಟಿ (ಮಡ್ ಟೆರೇನ್) ಎಂಬ ದೊಡ್ಡ ಹಲ್ಲಿನ ಟೈರ್ ಸಂದಿಯ ಮಣ್ಣನ್ನು ಚೆನ್ನಾಗಿ ಉದುರಿಸುತ್ತದೆ, ಅದಕ್ಕಾಗಿ ಚಕ್ರ ಸ್ವಲ್ಪ ವೇಗವಾಗಿ ತಿರುಗಬೇಕು. ಡಾಂಬರು, ಸಿಮೆಂಟ್ ರಸ್ತೆಯ ಮೇಲೆ ಗುಂಯ್‌ಗುಡುತ್ತದೆ, ಮಳೆಯಲ್ಲಿ ಬ್ರೇಕ್ ಹಾಕಿದರೆ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ, ಬೇಗ ಸವೆಯುತ್ತದೆ. ವಾರದಲ್ಲಿ ಆರು ದಿನ ಹುಬ್ಬಳ್ಳಿ-ಧಾರವಾಡದ ರಸ್ತೆ, ಒಂದು ದಿನ ಹೊಲ ಎನ್ನುವವರಿಗೆ ಎಟಿ (ಆಲ್ ಟೆರೇನ್, ರಸ್ತೆಗೂ ಹೊಲಕ್ಕೂ ಹೊಂದುವ) ಟೈರೇ ಸಾಕು. ಕಲಘಟಗಿ, ಅಳ್ನಾವರ, ಹಾನಗಲ್ ಕಡೆಯ ಮಸಾರಿ ನೆಲಕ್ಕೂ ಅದೇ. ಹೈವೇ ಬಿಟ್ಟು ಇಳಿಯದ ಗಾಡಿಗೆ ರಸ್ತೆಯ ಟೈರಾದ ಎಚ್‌ಟಿ ಹಾಕಿ. ಭಾರ, ಬೆಲೆ, ಡೀಸೆಲ್ ಮೂರೂ ಉಳಿಯುತ್ತವೆ.

ಇನ್ನೊಂದು ಶತ್ರು ತೊಗರಿ ಕೂಳಿ, ಹತ್ತಿಕಟ್ಟಿಗೆಯ ಬುಡ. ಓರೆಯಾಗಿ ಕೊಯ್ದ ಕೂಳಿ ಒಣಗಿದರೆ ಮೊಳೆಯಂತೆ ಟೈರಿನ ಪಕ್ಕಕ್ಕೆ ಇರಿಯುತ್ತದೆ. ಮೇಲ್ಮೈ ತೂತಿಗೆ ಪಂಕ್ಚರ್ ಹಾಕಬಹುದು, ಪಕ್ಕದ ತೂತಿಗೆ ಹಾಕಿದ ಪ್ಯಾಚನ್ನು ಹೊರೆಯ ಕೆಳಗೆ ನಂಬಬಾರದು. ಬೆಳೆ ತೆಗೆದ ಹೊಲಕ್ಕೆ ಹೋಗುವವರು ಪಕ್ಕದಲ್ಲಿ ಮೂರು ಪದರ ಇರುವ ಎಟಿ ಟೈರನ್ನು ಕೇಳಿ ಪಡೆಯಿರಿ.

ಡಿಸ್ಕ್

ಅಂಗಡಿಯವರು ಮೊದಲು ಕೇಳುವುದು ಪಿಸಿಡಿ, ಅಂದರೆ ಬೋಲ್ಟುಗಳು ಕೂತಿರುವ ವೃತ್ತದ ಅಳತೆ. ಹೈಲಕ್ಸ್, ಇಸುಜು ವಿ-ಕ್ರಾಸ್ ಎರಡರದ್ದೂ 6 ಬೋಲ್ಟ್, 139.7 ಮಿಮೀ. ಆರು ಬೋಲ್ಟಿನದಾದರೆ ಎದುರುಬದುರಿನ ಎರಡು ಬೋಲ್ಟುಗಳ ನಡುವಿನಿಂದ ನಡುವಿಗೆ ಅಳೆದರೆ ಆಯಿತು. ಐದು ಬೋಲ್ಟಿನದಾದರೆ ಎದುರಿಗೆ ಬೋಲ್ಟ್ ಇರುವುದಿಲ್ಲ. ಅಕ್ಕಪಕ್ಕದ ಎರಡರ ನಡುವಿನ ದೂರ ಅಳೆದು 1.701ರಿಂದ ಗುಣಿಸಿ. 82.1 ಮಿಮೀ ಬಂದರೆ ಪಿಸಿಡಿ 139.7.

ಪಿಸಿಡಿ ಹೊಂದಿದರೆ ಡಿಸ್ಕ್ ಹೊಂದಿತು ಎಂದಲ್ಲ. ನಡುವಿನ ತೂತು ಹಬ್ಬಿನ (ಗಾಲಿ ಜೋಡಿಸುವ ಆಕ್ಸಲ್ ತುದಿಯ) ಮೇಲೆ ಬಿಗಿಯಾಗಿ ಕೂರಬೇಕು. ಹೈಲಕ್ಸ್‌ನ ಹಬ್ 106.1 ಮಿಮೀ, 110ರ ತೂತಿನ ಅಲಾಯ್ ಹಾಕುವುದಾದರೆ ನಡುವೆ ಸೆಂಟರಿಂಗ್ ರಿಂಗ್ ಬೇಕು. ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ 80ರ ಮೇಲೆ ಸ್ಟೇರಿಂಗ್ ನಡುಗುವುದು ನಿಲ್ಲದೆ ಹೋಗಬಹುದು. ತೂತು ಚಿಕ್ಕದಿದ್ದರೆ ಲೇತಿನಲ್ಲಿ ಕೊರೆಸಿ ಹಾಕುವ ಸಾಹಸ ಬೇಡ.

ಆಮೇಲೆ ಆಫ್‌ಸೆಟ್, ಡಿಸ್ಕಿನ ಹಿಂದೆ ಇಟಿ ಎಂದು ಬರೆದಿರುವ ಅಂಕಿ: ಡಿಸ್ಕಿನ ಅಗಲದ ನಡುಗೆರೆಯಿಂದ ಅದು ಹಬ್ಬಿಗೆ ತಾಗುವ ಮೈವರೆಗಿನ ದೂರ, ಮಿಮೀಯಲ್ಲಿ. ಅದು ಕಡಿಮೆಯಾದಷ್ಟೂ ಗಾಲಿ ಹೊರಗೆ ಚಾಚುತ್ತದೆ. 7.5 ಇಂಚು ಇಟಿ30ರ ಡಿಸ್ಕ್ ತೆಗೆದು 8.5 ಇಂಚು ಇಟಿ20ರದ್ದು ಹಾಕಿದಿರಿ ಅನ್ನಿ. ಅಗಲ ಹೆಚ್ಚಿದ್ದು 25.4 ಮಿಮೀ, ಅದರ ಅರ್ಧ 12.7. ಅದಕ್ಕೆ ಆಫ್‌ಸೆಟ್ಟಿನ 10 ಕೂಡಿಸಿದರೆ ಹೊರ ಅಂಚು 22.7 ಮಿಮೀ ಹೊರಗೆ ಬಂತು. ಕಳೆದರೆ ಒಳ ಅಂಚು 2.7 ಮಿಮೀ ಒಳಗೆ ಹೋಯಿತು. ಇಷ್ಟರವರೆಗೆ ತಾಳಿಕೊಳ್ಳಬಹುದು. ಇಟಿ0, ಇಟಿ-10 ಹಾಕಿ ಗಾಲಿಯನ್ನು ಬಾಡಿಯ ಹೊರಗೆ ನಿಲ್ಲಿಸುವುದು ನೋಡಲು ಗತ್ತು, ಆದರೆ ಹಬ್ ಬೇರಿಂಗಿನ ಮೇಲೆ ಸನ್ನೆಗೋಲು ಹಾಕಿ ಮೀಟಿದಷ್ಟು ಭಾರ ಬೀಳುತ್ತದೆ, ತಗ್ಗಿಗೆ ಬಿದ್ದಾಗ ಸ್ಟೇರಿಂಗ್ ಕೈಗೆ ಹೊಡೆಯುತ್ತದೆ, ರಾಡಿಯೆಲ್ಲ ಬಾಗಿಲಿಗೆ ಸಿಡಿಯುತ್ತದೆ. ಹೊರೆ ಹೊರುವ ಗಾಡಿಗೆ ಇದು ಬೇಡವೇ ಬೇಡ. ಸ್ಪೇಸರ್ ಹಾಕಿದರೂ ಪರಿಣಾಮ ಅದೇ.

ಡಿಸ್ಕಿನ ಹಿಂಬದಿಯಲ್ಲಿ ಅದು ಹೊರುವ ಭಾರವನ್ನು ಕೆಜಿಯಲ್ಲಿ ಅಚ್ಚು ಹಾಕಿರುತ್ತಾರೆ. ಅದು ಕಾಟಾದ ಅಂಕಿಯ ಅರ್ಧಕ್ಕಿಂತ ಕಡಿಮೆ ಇದ್ದರೆ, ಅಥವಾ ಅಚ್ಚೇ ಇಲ್ಲದಿದ್ದರೆ, ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. ನಿಜ ಹೇಳಬೇಕೆಂದರೆ ಮಾಲು ಸಾಗಿಸುವ ಗಾಡಿಗೆ ಕಬ್ಬಿಣದ ಡಿಸ್ಕಿಗಿಂತ ಒಳ್ಳೆಯದಿಲ್ಲ: ತಗ್ಗಿಗೆ ಬಿದ್ದರೆ ಅದು ಬಾಗುತ್ತದೆ, ಅಲಾಯ್ ಸೀಳುತ್ತದೆ. ವೆಲ್ಡಿಂಗ್ ಮಾಡಿದ ಅಲಾಯ್‌ನ ಮೇಲೆ ಹೊರೆ ಹಾಕಬೇಡಿ. 20 ಇಂಚಿನ ಡಿಸ್ಕಿಗೆ ಹೋದರೆ ಟೈರಿನ ಗೋಡೆ ಗಿಡ್ಡಾಗಿ ಪೆಟ್ಟೆಲ್ಲ ನೇರ ಡಿಸ್ಕಿಗೆ ತಗಲುತ್ತದೆ. ಮುಂಡರಗಿಯಲ್ಲೋ ಶಿರಹಟ್ಟಿಯಲ್ಲೋ ರಾತ್ರಿ ಟೈರ್ ಒಡೆದರೆ ಆ ಅಳತೆ ಸಿಗುವುದೂ ಇಲ್ಲ. ಹುಬ್ಬಳ್ಳಿಯಲ್ಲಿ ಕನಿಷ್ಠ ಎರಡು ಅಂಗಡಿಯಲ್ಲಿ ಸ್ಟಾಕ್ ಇರುವ ಅಳತೆಯನ್ನೇ ಆರಿಸಿ.

ದುಡ್ಡು ಕೊಡುವ ಮುಂಚೆ

ಒಂದೇ ಒಂದು ಗಾಲಿಯನ್ನು ಜೋಡಿಸಿ ನೋಡಲು ಕೇಳಿ. ಮುಂದೆ ಹಾಕಿ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ರಿವರ್ಸ್‌ನಲ್ಲೂ ನೋಡಿ. ಮಡ್‌ಗಾರ್ಡಿನ ಒಳಗಿನ ಹಾಳೆ, ಮೇಲಿನ ಆರ್ಮ್, ಬ್ರೇಕ್ ಪೈಪು, ಚಾಸಿ: ಎಲ್ಲೂ 25 ಮಿಮೀಗಿಂತ ಕಡಿಮೆ ಸಂದು ಇರಬಾರದು. ಒಣ ರಸ್ತೆಗೆ ಇದರ ಅರ್ಧ ಸಾಕು, ಉಳಿದದ್ದು ಎರಿ ಮಣ್ಣಿನ ಪಾಲು. ಹಿಂದೆ ಹಾಕಿ ಆಕ್ಸಲಿನಿಂದ ಬಂಪ್ ಸ್ಟಾಪ್ ರಬ್ಬರಿನವರೆಗಿನ (ಆಕ್ಸಲ್ ಮೇಲೆದ್ದಾಗ ತಡೆಯುವ ರಬ್ಬರ್) ದೂರ ಅಳೆಯಿರಿ. ಟೈರಿನ ನೆತ್ತಿಯಿಂದ ಬಾಡಿಯವರೆಗಿನ ಸಂದು ಅದಕ್ಕಿಂತ ಕನಿಷ್ಠ 40 ಮಿಮೀ ಹೆಚ್ಚಿರಬೇಕು. ಇಲ್ಲದಿದ್ದರೆ ಪೂರ್ತಿ ಹೊರೆಯಲ್ಲಿ ಹಂಪ್ ಹಾರಿದಾಗ ಟೈರ್ ಬಾಡಿಗೆ ಉಜ್ಜುತ್ತದೆ.

ಟೈರ್ ತಯಾರಾದ ದಿನವನ್ನೂ ಓದಿ. ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ: 2324 ಎಂದರೆ 2024ರ 23ನೇ ವಾರ. ವರ್ಷ ದಾಟಿದ್ದಕ್ಕೆ ಪೂರ್ತಿ ಬೆಲೆ ಕೊಡಬೇಡಿ. ಐಎಸ್‌ಐ ಗುರುತು ಇದೆಯೇ ನೋಡಿ.

ನಟ್ಟು ಚಿಕ್ಕ ವಸ್ತು, ಗಾಲಿ ಕಳಚಿ ಬೀಳುವುದು ಮಾತ್ರ ಅದರಿಂದಲೇ. ಹೊರಗಿನ ಅಲಾಯ್‌ಗಳಲ್ಲಿ ನಟ್ ಕೂರುವ ಜಾಗ ಹೆಚ್ಚಾಗಿ ಶಂಕುವಿನಾಕಾರ. ಕಂಪನಿ ಅಲಾಯ್‌ನ ವಾಷರ್ ಇರುವ ಚಪ್ಪಟೆ ನಟ್ಟನ್ನೇ ಅದಕ್ಕೆ ಬಿಗಿದರೆ ಅಂಚಿನಲ್ಲಷ್ಟೇ ಹಿಡಿದು ಸಡಿಲಾಗುತ್ತದೆ. ಹೊಸ ನಟ್ಟುಗಳನ್ನು ಡಿಸ್ಕಿನ ಜೊತೆಗೇ ಕೊಳ್ಳಿ. 12 ಮಿಮೀ ಬೋಲ್ಟಿಗೆ 1.5 ಮಿಮೀ ಥ್ರೆಡ್ ಇದ್ದರೆ ನಟ್ ಕನಿಷ್ಠ 8 ಸುತ್ತು ಹತ್ತಬೇಕು. ಗಾಳಿ ಗನ್ನಿನಿಂದ ಬಿಗಿದು ಕಳಿಸಲು ಬಿಡಬೇಡಿ. ಕೈಯಿಂದ ಕೂರಿಸಿ, ಎದುರುಬದುರಾಗಿ, ಟಾರ್ಕ್ ಪಾನಾದಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿಸಿ. 50ರಿಂದ 100 ಕಿಮೀ ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಿಡಿಯಿರಿ. ಅಲೈನ್‌ಮೆಂಟ್ ಅದೇ ದಿನ ಮಾಡಿಸಿ.

ಸ್ಟೆಪ್ನಿಯೂ ಅದೇ ಅಳತೆಯದಿರಲಿ, ಅಂದರೆ ಲೆಕ್ಕ ಐದು ಟೈರಿನದು. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ನಾಲ್ಕರಲ್ಲಿ ಒಂದು ಚಿಕ್ಕದಿದ್ದು 4ಎಚ್ (ನಾಲ್ಕೂ ಗಾಲಿ ಎಳೆಯುವ ಗೇರ್) ಹಾಕಿ ಡಾಂಬರಿನ ಮೇಲೆ ಓಡಿಸಿದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಗಾಲಿಗೆ ಎಳೆತ ಹಂಚುವ ಪೆಟ್ಟಿಗೆ) ಕೆಡುತ್ತದೆ. ದೊಡ್ಡ ಸ್ಟೆಪ್ನಿ ಟ್ರಾಲಿಯ ಕೆಳಗಿನ ಜಾಗಕ್ಕೆ ಏರುತ್ತದೆಯೇ, ಸೈಲೆನ್ಸರ್ ಪೈಪಿಗೆ ತಾಗುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ.

ಕಾನೂನಿನ ಮಾತು. ತಯಾರಕರ ಮೂಲ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿಯಿಂದ ಬಂದ 182ಎ(4) ಪ್ರಕಾರ ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ನಿಮ್ಮ ಮಾಡೆಲ್‌ನ ಮೇಲಿನ ವೇರಿಯಂಟಿಗೆ ಕಂಪನಿಯೇ ಕೊಡುವ ಅಳತೆಗೆ ಹೋಗುವುದು ಎಲ್ಲಕ್ಕಿಂತ ಸುರಕ್ಷಿತ ದಾರಿ. ಹಳದಿ ಬೋರ್ಡಿನ ಗಾಡಿ ಎಫ್‌ಸಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷವೂ ಹೋಗಬೇಕು. ಬಾಡಿಯ ಹೊರಗೆ ಚಾಚಿದ ಗಾಲಿ ಅಲ್ಲಿ ಕಣ್ಣಿಗೆ ಬೀಳುತ್ತದೆ. ವಿಮೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಉತ್ತರವನ್ನು ಬಿಲ್ಲಿನ ಜೊತೆ ಇಟ್ಟುಕೊಳ್ಳಿ.

ಹವಾದ ಅಂಕಿಯನ್ನು ಹಳೆಯ ಸ್ಟಿಕ್ಕರಿನಿಂದ ಕಣ್ಣುಮುಚ್ಚಿ ತೆಗೆದುಕೊಳ್ಳಬೇಡಿ, ಅದು ಹಳೆಯ ಟೈರಿನದು. ಹೊಸ ಟೈರಿನ ಕಂಪನಿ ಕೊಡುವ ಭಾರ-ಹವಾ ಪಟ್ಟಿಯಲ್ಲಿ ನಿಮ್ಮ ಕಾಟಾದ ಅಂಕಿಯನ್ನು ಹುಡುಕಿ, ಬೆಳಗ್ಗೆ ಟೈರ್ ತಣ್ಣಗಿರುವಾಗ ಅಷ್ಟು ಹೊಡೆಸಿ. ಖಾಲಿ ಗಾಡಿ ರಾಡಿಯಲ್ಲಿ ಸಿಕ್ಕರೆ 20-22 ಪಿಎಸ್‌ಐಗೆ ಇಳಿಸಿ 20 ಕಿಮೀ ವೇಗದೊಳಗೆ ಹೊರಗೆ ತನ್ನಿ, ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿ. ಇದಕ್ಕೊಂದು 12 ವೋಲ್ಟಿನ ಚಿಕ್ಕ ಕಂಪ್ರೆಸರ್ ಸೀಟಿನ ಹಿಂದೆ ಇರಲಿ. ಹೊರೆ ಇದ್ದಾಗ ಹವಾ ಇಳಿಸಬೇಡಿ, ಮೊದಲು ಚೀಲ ಇಳಿಸಿ.