ಕಡಲ ಹದ್ದಿನ ಗೂಡುಗಳ ಲೆಕ್ಕ ಇಡುವ ಬಗೆ

ಕಾರವಾರದಿಂದ ಭಟ್ಕಳದವರೆಗೆ ಬಿಳಿ ಹೊಟ್ಟೆಯ ಕಡಲ ಹದ್ದಿನ ಗೂಡು ಹುಡುಕುವವರು ಮೊದಲು ಬಿಡಬೇಕಾದ ಅಭ್ಯಾಸ, ಗೂಡು ಕಂಡ ಕೂಡಲೇ ಒಂದು ಜೋಡಿ ಎಂದು ಬರೆದುಕೊಳ್ಳುವುದು. ಒಂದೇ ಜೋಡಿಗೆ ಎರಡು ಮೂರು ಗೂಡು ಇರಬಹುದು. ಈ ವರ್ಷ ಒಂದು, ಮುಂದಿನ ವರ್ಷ ಇನ್ನೊಂದು. ಬಿಟ್ಟುಹೋದ ಗೂಡೂ ಮಳೆಗಾಲ ದಾಟಿ ಮರದಲ್ಲೇ ಉಳಿಯುತ್ತದೆ. ಹಕ್ಕಿ ಕಡಿಮೆಯಾಗುತ್ತಿದ್ದರೂ ಪುಸ್ತಕದಲ್ಲಿ ಗೂಡಿನ ಸಂಖ್ಯೆ ಹಾಗೇ ಇರುತ್ತದೆ. ಆದ್ದರಿಂದ ನಾನು ನೆಚ್ಚುವ ಲೆಕ್ಕ ಒಂದೇ: ಆ ಗೂಡಿನಿಂದ ಈ ವರ್ಷ ಮರಿ ಹಾರಿತೇ?

ಅಕ್ಟೋಬರಿನಲ್ಲಿ ಜೋಡಿ ಕಡ್ಡಿ ಹೊರಲು ಶುರು ಮಾಡುತ್ತದೆ. ಸಾಮಾನ್ಯವಾಗಿ 2 ಮೊಟ್ಟೆ, ಸುಮಾರು 6 ವಾರ ಕಾವು, ಆಮೇಲೆ ಮರಿ ಹಾರಲು 10–11 ವಾರ. 2 ಮರಿ ಹುಟ್ಟಿದರೂ ಹೆಚ್ಚಿನ ಸಲ ಒಂದೇ ಉಳಿಯುತ್ತದೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಪ್ರತಿ ಗೂಡಿಗೆ ತಿಂಗಳಿಗೆ ಎರಡು ಸಲ ಹೋಗುತ್ತೇನೆ. ಒಂದೇ ಸಲ ನೋಡಿದರೆ, ಮೊಟ್ಟೆ ಹಾಳಾಗಿ ಬಿಟ್ಟುಹೋದ ಗೂಡು ‘ಖಾಲಿ’ ಎಂದು ದಾಖಲಾಗುತ್ತದೆ.

ಕೂರುವ ಜಾಗ ಮರದಿಂದ ಕನಿಷ್ಠ 250 ಮೀಟರ್ ದೂರ, ಸಾಧ್ಯವಾದರೆ ಗೂಡಿಗಿಂತ ಎತ್ತರದ ಗುಡ್ಡ. 10x42 ದುರ್ಬೀನು, ಸ್ಟ್ಯಾಂಡಿನ ಮೇಲೆ 20–60 ಪಟ್ಟಿನ ಸ್ಕೋಪ್. ಬೆಳಿಗ್ಗೆ 6.30ರಿಂದ 10. ಬೆಳಕು ಹರಿಯುವಾಗ ಗಂಡು ಹೆಣ್ಣು ಸೇರಿ ಬಾತುಕೋಳಿಯಂತೆ ಕೂಗುತ್ತವೆ. ಯಾವ ಜೋಡಿ ಯಾವ ಮರದ್ದು ಎಂದು ತಿಳಿಯಲು ಅದೇ ಒಳ್ಳೆಯ ಹೊತ್ತು. ಹತ್ತಿರದ ಎರಡು ಗೂಡುಗಳಿದ್ದರೆ ಇಬ್ಬರು ಒಂದೇ ಸಮಯಕ್ಕೆ ಒಂದೊಂದನ್ನು ನೋಡಬೇಕು, ಇಲ್ಲವಾದರೆ ಒಂದೇ ಜೋಡಿ ಎರಡು ಸಲ ಎಣಿಕೆಗೆ ಬರುತ್ತದೆ. ಕಾವು ಕೂತ ಹಕ್ಕಿಯ ಬಿಳಿ ತಲೆ ಮಾತ್ರ ಅಂಚಿನ ಮೇಲೆ ಕಾಣುತ್ತದೆ. ಗೂಡಿನ ಕೆಳಗಿನ ಎಲೆಗಳ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಹಿಕ್ಕೆ ಬೀಳತೊಡಗಿದರೆ ಒಳಗೆ ಮರಿಯಿದೆ. ಹಕ್ಕಿ ಎದ್ದು ನಿಂತು, ಕುತ್ತಿಗೆ ಚಾಚಿ ಕೂಗಿದರೆ ತಕ್ಷಣ ಹಿಂದೆ ಸರಿಯಿರಿ. ಬಿಸಿಲಿಗೆ ಬಿದ್ದ ಮೊಟ್ಟೆ ಬೇಗ ಕೆಡುತ್ತದೆ, ಕಾಗೆಗಳೂ ಹೊಂಚು ಹಾಕಿರುತ್ತವೆ. ಡ್ರೋನ್ ಹಾರಿಸಲೇಬೇಡಿ. ಕಾರವಾರದಲ್ಲಿ ನೌಕಾನೆಲೆಯ ಆಸುಪಾಸು ಅದಕ್ಕೆ ನಿಷೇಧವೂ ಇದೆ.

ಗುರುತಿನ ತಪ್ಪುಗಳೂ ಆಗುತ್ತವೆ. ಗರುಡದ ಗೂಡು ಚಿಕ್ಕದು, ಆದರೆ ದೂರದಿಂದ ಮೋಸ ಮಾಡುತ್ತದೆ. ಎಳೆಯ ಕಡಲ ಹದ್ದು ಕಂದು ಬಣ್ಣದ್ದು. ರೆಕ್ಕೆಯನ್ನು ಮೇಲಕ್ಕೆ ‘ವಿ’ಯಂತೆ ಎತ್ತಿ ತೇಲುವುದು, ಬೆಣೆಯಾಕಾರದ ಮೋಟು ಬಾಲ, ಇವೆರಡನ್ನು ನೋಡಿ. ಕಾಳಿ ನದಿಯ ಅಳಿವೆಯಲ್ಲಿ ಚಳಿಗಾಲಕ್ಕೆ ಸೇರುವ ಕಡಲಕ್ಕಿಗಳ (ಗಲ್) ಹಿಂಡನ್ನು ಇಲ್ಲಿಯ ಸಂತಾನ ಎಂದುಕೊಳ್ಳುವವರಿದ್ದಾರೆ. ಅವು ಇಲ್ಲಿ ಮೊಟ್ಟೆ ಇಡುವುದಿಲ್ಲ. ಅವುಗಳಲ್ಲಿ ‘ಕಂದು ತಲೆ’ ಎಂಬ ಜಾತಿಯವು ಲಡಾಖ್, ಟಿಬೆಟ್‌ನ ಕಡೆ ಮರಿ ಮಾಡುತ್ತವೆ.

ದ್ವೀಪಗಳಿಗೆ ದೋಣಿ ಬೇಕು. ಕಾರವಾರದ ಎದುರಿನ ಕೂರ್ಮಗಡ, ದೇವಗಡದ ಸುತ್ತ ದಂಡೆಯಿಂದ 150–200 ಮೀಟರ್ ಬಿಟ್ಟು ನಿಧಾನ ಒಂದು ಸುತ್ತು, ಪ್ರತಿ ದಿಕ್ಕಿನಿಂದ ಚಿತ್ರ, ಎಣಿಕೆ ಮನೆಗೆ ಬಂದ ಮೇಲೆ. ಪಡುಗಾಳಿ ಏಳುವ ಮುಂಚೆ, 11 ಗಂಟೆಯೊಳಗೆ ಮುಗಿಸಬೇಕು. ಅಲೆ ಎದ್ದ ಮೇಲೆ ಸ್ಕೋಪ್ ನಿಲ್ಲುವುದಿಲ್ಲ. ಹೊರಡುವುದು ಯಾವಾಗ ಎಂದು ದೋಣಿ ನಡೆಸುವ ತಾಂಡೇಲರನ್ನೇ ಕೇಳಿ, ಮೊಬೈಲಿನ ಹವಾಮಾನ ಎರಡನೆಯದು. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯಲ್ಲಿ ಹರಕೆಗೆ ಬಿಟ್ಟ ಆಡುಗಳಿವೆ. ಅವು ಸಸಿ ಮೇಯುತ್ತವೆ, ಹಾಗಾಗಿ ಅಲ್ಲಿ ಗೂಡಿನ ಜತೆಗೆ ಎಳೆ ಗಿಡಗಳನ್ನೂ ನೋಡಿ ಬರೆಯುತ್ತೇನೆ. ಇವತ್ತಿನ ಸಸಿಯೇ ಮುಂದಿನ ಗೂಡಿನ ಮರ.

ದಡದಲ್ಲಿ ದೊಡ್ಡ ಅಪಾಯ ಮರ ಕಡಿಯುವುದು. ಗೂಡು ಹೊರುವಂಥ ಮಾವು, ಆಲ ಬೆಳೆಯಲು ದಶಕಗಳೇ ಬೇಕು. ದೇವರ ಬನದ ಮರ ಉಳಿಯುತ್ತದೆ, ತೋಟದ ಮರ ಮಾರಾಟವಾಗುತ್ತದೆ. ಆದ್ದರಿಂದ ಸೆಪ್ಟೆಂಬರಿನಲ್ಲೇ ಮರದ ಯಜಮಾನರ ಮನೆಗೆ ಹೋಗಿ, ಗೂಡು ತೋರಿಸಿ ಮಾತಾಡಿ ಬರಬೇಕು. ಕೊಡಲಿ ಬಂದ ಮೇಲೆ ಮಾತು ನಡೆಯುವುದಿಲ್ಲ.

ಎರಡನೆಯ ಅಪಾಯ ತಂಗೂಸಿ, ಅಂದರೆ ಮೀನು ಬಲೆಯ ನೈಲಾನ್ ಎಳೆ. ಹರಿದ ಬಲೆಯ ತುಂಡು ಮೀನಿನ ಜತೆ ಗೂಡಿಗೆ ಬರುತ್ತದೆ. ಮರಿಯ ಕಾಲಿಗೆ ಒಂದು ಸುತ್ತು ಬಿದ್ದರೆ, ಕಾಲು ದಪ್ಪವಾದಂತೆ ಎಳೆ ಚರ್ಮದೊಳಗೆ ಇಳಿಯುತ್ತದೆ. ಬೇರೆ ಗೂಡುಗಳ ಅದೇ ವಯಸ್ಸಿನ ಮರಿಗಳು ಹಾರಿದ ಮೇಲೂ ಒಂದು ಮರಿ ಗೂಡಿನಲ್ಲೇ ರೆಕ್ಕೆ ಬಡಿಯುತ್ತ ಒಂದೇ ಕಡೆಗೆ ಜಗ್ಗುತ್ತಿದ್ದರೆ ಇದನ್ನೇ ಸಂಶಯಿಸಿ. ನೀವೇ ಮರ ಹತ್ತಬೇಡಿ, ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಹಕ್ಕಿ ಇದು. ಅರಣ್ಯ ಇಲಾಖೆಗೆ ತಿಳಿಸಿ.

ಮರಿ ಹಾರಿದ ಮೇಲೆ ಮಾತ್ರ ಮರದ ಬುಡಕ್ಕೆ ಹೋಗುತ್ತೇನೆ. ಮೀನಿನ ಮುಳ್ಳು, ಕಡಲ ಹಾವಿನ ಬೆನ್ನೆಲುಬು, ಎಳೆಯ ತುಂಡು, ಒಂದೊಂದನ್ನೂ ಬೇರೆ ಚೀಲಕ್ಕೆ ಹಾಕಿ, ಮೇಲೆ ಗೂಡಿನ ಸಂಖ್ಯೆ ಮತ್ತು ತಾರೀಖು. ಎಳೆಯನ್ನು ತೂಗಿಯೇ ಎಸೆಯುವುದು.