ಪೂಲ್‌ನಲ್ಲಿ ಕಾಯ್ತಿರೋ ಪೈಲಟ್‌ಗಳಿಗೆ ಒಂದು ಮಾತು

ಏರ್‌ಲೈನ್‌ಗೆ ಆಯ್ಕೆ ಆಗಿದೆ, ಟ್ರೈನಿಂಗ್ ಬ್ಯಾಚ್‌ನ ತಾರೀಖು ಮಾತ್ರ ಬಂದಿಲ್ಲ. ಇದನ್ನೇ ಪೂಲ್‌ನಲ್ಲಿ ಇರೋದು ಅಂತಾರೆ. ಈ ಸ್ಥಿತಿಯಲ್ಲಿ ಇರುವವರು ಮೊದಲು ನಿಮ್ಮ ಕ್ಲಾಸ್ 1 ಮೆಡಿಕಲ್, ಅಂದರೆ ಪೈಲಟ್ ಕೆಲಸಕ್ಕೆ ಬೇಕಾದ ಆರೋಗ್ಯ ಪ್ರಮಾಣಪತ್ರ, ಯಾವತ್ತು ಮುಗಿಯುತ್ತೆ ಅಂತ ತೆಗೆದು ನೋಡಿ. ನಮ್ಮ ವಯಸ್ಸಿನವರಿಗೆ ಅದು 12 ತಿಂಗಳಷ್ಟೇ. ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಏನೂ ಕಾಣದಿದ್ದಾಗ ಉಪಕರಣಗಳನ್ನು ನೋಡಿ ಹಾರಿಸೋ ಅರ್ಹತೆ) ಕೂಡ ಅಷ್ಟೇ.

ನನಗೆ ಏಳು ತಿಂಗಳು ಸುದ್ದಿಯೇ ಇರಲಿಲ್ಲ. ಆಮೇಲೆ ಒಂದು ಗುರುವಾರ ಸಂಜೆ ಮೇಲ್ ಬಂತು, ಸೋಮವಾರ ಹಾಜರಾಗಬೇಕು ಅಂತ. ಮೆಡಿಕಲ್ ಮುಗಿಯೋಕೆ ಒಂಬತ್ತೇ ದಿನ ಇತ್ತು. ಅಷ್ಟರಲ್ಲಿ ಹೊಸದು ಮಾಡಿಸೋಕೆ ಆಗಲಿಲ್ಲ, ಆ ಬ್ಯಾಚ್ ಕೈ ತಪ್ಪಿತು. ತುಂಬಾ ಅತ್ತೆ. ನಿಮಗೆ ಹಾಗಾಗಬಾರದು. ಅದಕ್ಕೇ ಮುಗಿಯೋದಕ್ಕೆ ಎರಡು ತಿಂಗಳು ಮುಂಚೆಯೇ ಡಾಕ್ಟರ್ ಹತ್ತಿರ ದಿನ ಗೊತ್ತು ಮಾಡಿಕೊಳ್ಳಿ. ರಕ್ತ ಪರೀಕ್ಷೆಯಲ್ಲಿ ಏನಾದರೂ ಏರುಪೇರು ಬಂದರೆ ಮತ್ತೆ ಮಾಡಿಸೋಕೆ ಸಮಯ ಬೇಕು ಅಲ್ವಾ?

ಲೈಸೆನ್ಸ್, ರೇಡಿಯೋ ಲೈಸೆನ್ಸ್, ಪಾಸ್‌ಪೋರ್ಟ್, ಲಾಗ್‌ಬುಕ್ ಎಲ್ಲ ಒಂದೇ ಫೈಲ್‌ನಲ್ಲಿ ಇರಲಿ.

ಓದಿನ ವಿಷಯ. ನಿಮಗೆ ಸಿಗೋ ವಿಮಾನ ಏರ್‌ಬಸ್ ಎ320 ಅಂತ ಗೊತ್ತಿದ್ದರೆ ಅದರ ಸಿಸ್ಟಮ್‌ಗಳನ್ನು ಓದಿ. ಹಸಿರು, ನೀಲಿ, ಹಳದಿ ಅನ್ನೋ ಮೂರು ಹೈಡ್ರಾಲಿಕ್‌ಗಳಲ್ಲಿ (ದ್ರವದ ಒತ್ತಡದಿಂದ ವಿಮಾನದ ಭಾಗಗಳನ್ನು ಚಲಿಸೋ ವ್ಯವಸ್ಥೆಗಳು) ಯಾವುದು ಹೋದರೆ ಏನು ಉಳಿಯುತ್ತದೆ ಅಂತ ಖಾಲಿ ಹಾಳೆ ಮೇಲೆ ಬರೆದು ನೋಡಿ. ಕಾಲ್‌ಔಟ್‌ಗಳನ್ನು (ಹಾರಾಟದಲ್ಲಿ ಪೈಲಟ್‌ಗಳು ಒಬ್ಬರಿಗೊಬ್ಬರು ಹೇಳೋ ನಿಗದಿತ ಮಾತುಗಳು) ಮಾತ್ರ ಯೂಟ್ಯೂಬ್ ನೋಡಿ ಬಾಯಿಪಾಠ ಮಾಡಬೇಡಿ, ಒಂದೊಂದು ಕಂಪನಿಯದು ಒಂದೊಂದು ರೀತಿ. ಕಲಿತದ್ದನ್ನು ಮರೆಯೋದು ಜಾಸ್ತಿ ಕಷ್ಟ.

ಇರುವ ಕೆಲಸವನ್ನು ಸುಮ್ನೆ ಬಿಡಬೇಡಿ. ಜಾಯಿನಿಂಗ್ ತಾರೀಖು ಲಿಖಿತವಾಗಿ ಕೈಗೆ ಬರಲಿ, ಆಮೇಲೆ ರಾಜೀನಾಮೆ ಕೊಡಿ. ಎಚ್‌ಆರ್‌ಗೆ ತಿಂಗಳಿಗೊಂದು ಮೇಲ್ ಹಾಕಿದರೆ ಸಾಕು.